ಕೆಂಪಾಜಮ್ಮ ಮೋಟಾರು ಕಲಿಸಿದ್ದು

ಹೊಸ ಅಗ್ರಹಾರದ ನಿಂಗಯ್ಯ ಕೊಡಗಿನ ತೋಟದ ದೊರೆಯೊಬ್ಬನಿಂದ ಹಳೆಯ ಮೋಟಾರು ಕೊಂಡಾಗ ಅದರ ಜೊತೆಗೇ ಡ್ರೈವರ್ ರುದ್ರಸ್ವಾಮಿಯೂ ಬಂದ. ಖಾಕಿ ಕೋಟು, ಕರೀ ಟೋಪಿ, ಹೆಗಲ ಮೇಲೆ ಸದಾ ಒಂದು ಟವಲು. ಆಗ ಆ ಹೋಬಳಿಯಲ್ಲೆಲ್ಲ ಮೋಟಾರು ನಡೆಸಬಲ್ಲವನು ಅವನೊಬ್ಬನೇ. ಅದು ಹಾಗೆಯೇ ಉಳಿಯಬೇಕೆಂಬುದು ಅವನ ಹಟ. ಹತ್ತಿ ಕೂತ ಕೂಡಲೇ ಟವಲನ್ನು ತೊಡೆಯಿಂದ ಗೇರು ಬದಲಿಸುವ ಕೋಲಿನವರೆಗೆ ಹರಡಿಕೊಳ್ಳುತ್ತಿದ್ದ. ಅದರಡಿಯಲ್ಲಿ ಕೈ ಎತ್ತ ಹೋಯಿತು, ಎತ್ತ ಬಂತು ಎನ್ನುವುದು ಪಕ್ಕದಲ್ಲಿ ಕೂತ ಯಜಮಾನನಿಗೂ ಕಾಣಬಾರದು.

"ನಂಗೂ ಒಸಿ ಹೇಳ್ಕೊಡಯ್ಯ," ಎಂದು ನಿಂಗಯ್ಯ ಒಂದೆರಡು ಸಲ ಕೇಳಿದ್ದುಂಟು.

"ಯಜಮಾನ್ರು ಕೂತಿದ್ರೇ ಚಂದ. ಇದೆಲ್ಲಾ ನಮ್ಮಂಥೋರ ಪಾಡು," ಎಂದು ರುದ್ರಸ್ವಾಮಿ ಹಾರಿಸುತ್ತಿದ್ದ. ನಿಂಗಯ್ಯ ನಕ್ಕು ಸುಮ್ಮನಾಗುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದ ಹೆಂಡತಿ ಕೆಂಪಾಜಮ್ಮನಿಗೆ ನಗು ಬರುತ್ತಿರಲಿಲ್ಲ.

ಮೋಟಾರು ತೊಳೆಯುವುದು ಮನೆಯ ಆಳು ಚಿಕ್ಕಮಾದುವಿನ ಕೆಲಸ. ಹೊರಗೆ ಎಷ್ಟು ಬೇಕಾದರೂ ಉಜ್ಜಬಹುದು, ಒಳಗೆ ಕೈಯಿಡುವಂತಿಲ್ಲ. ಒಮ್ಮೆ ಧೂಳು ಒರೆಸಲೆಂದು ಸ್ಟೇರಿಂಗ್ ಮುಟ್ಟಿದ್ದಕ್ಕೆ ರುದ್ರಸ್ವಾಮಿ ಸ್ಪ್ಯಾನರಿನಿಂದ ಅವನ ಬೆರಳ ಗಿಣ್ಣಿನ ಮೇಲೆ ಹೊಡೆದ. ನಲವತ್ತು ವರ್ಷದ ಗಂಡಸು ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಹಟ್ಟಿಯ ಹಿಂದೆ ಹೋಗಿ ಕೂತಿದ್ದನ್ನು ಕೆಂಪಾಜಮ್ಮ ನೋಡಿದ್ದಳು.

ಆ ವರ್ಷ ಮಾಘಮಾಸದಲ್ಲಿ, ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆಯೆಂದು ರುದ್ರಸ್ವಾಮಿ ಎರಡು ದಿನ ಹೋದ. ಮಾರನೆಯ ಬೆಳಿಗ್ಗೆ ಗದ್ದೆಯಿಂದ ಬಂದ ನಿಂಗಯ್ಯ ಹೊಟ್ಟೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಹೊರಳಾಡತೊಡಗಿದ. ಪಂಡಿತರು ನಾಡಿ ನೋಡಿ, ತಡಮಾಡದೆ ಕೃಷ್ಣರಾಜನಗರದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು.

ಅದೃಷ್ಟಕ್ಕೆ ಬೆಂಗಳೂರಿನಲ್ಲಿ ಲಾರಿ ಓಡಿಸುತ್ತಿದ್ದ ದೇವಯ್ಯ ಎಂಬವನು ಅಂದು ಊರಿನಲ್ಲಿ ಯಾರದೋ ಮನೆಗೆ ಬಂದಿದ್ದ. ಓಡಿ ಬಂದು ಹ್ಯಾಂಡಲ್ ತಿರುಗಿಸಿದ. ಅಂಗೈ ಬೊಬ್ಬೆ ಬರುವವರೆಗೂ ತಿರುಗಿಸಿದ. ಮೋಟಾರು ಒಂದು ಸಲವೂ ಕೆಮ್ಮಲಿಲ್ಲ. ಮುಚ್ಚಳ ಎತ್ತಿ ನೋಡಿ ಹೇಳಿದ: "ಅವ್ವಾ, ಕಿಡಿ ಕೊಡೋ ಬಿಲ್ಲೆನೇ ಇಲ್ಲ ಇದ್ರಲ್ಲಿ. ಯಾರೋ ಬೇಕಂತ್ಲೇ ತಗ್ದವ್ರೆ."

ಎತ್ತಿನ ಗಾಡಿ ಕಟ್ಟಿದರು. ದಾರಿ ಅರ್ಧ ಸವೆಯುವ ಮೊದಲೇ ಕಾಲುವೆ ಏರಿಯ ಮೇಲೆ ನಿಂಗಯ್ಯನ ಪ್ರಾಣ ಹೋಯಿತು. ಗಾಡಿ ಅಲ್ಲಿಂದಲೇ ಹಿಂದಕ್ಕೆ ತಿರುಗಿತು.

ಮಾರನೆಯ ದಿನ ರುದ್ರಸ್ವಾಮಿ ಬಂದಾಗ ಬಿಲ್ಲೆ ಅವನ ಕೋಟಿನ ಜೇಬಿನಲ್ಲೇ ಇತ್ತು. "ನಾನಿಲ್ದಾಗ ಯಾರಾದ್ರೂ ಮುಟ್ಟಿ ಕೆಡಿಸ್ಬಾರ್ದು ಅಂತ ತಗ್ದಿದ್ದೆ, ಅಮ್ಮಾವ್ರೇ. ಹಣೇಲಿ ಬರ್ದದ್ದ ಯಾರು ತಪ್ಸಕಾಗ್ತದೆ?" ಎಂದ.

ಕೆಂಪಾಜಮ್ಮ ಕೈಚಾಚಿ ಬಿಲ್ಲೆಯನ್ನು ಇಸಿದುಕೊಂಡಳು. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಅವನನ್ನು ಕರೆಸಿ, "ನಾಳೆಯಿಂದ ಬರ್ಬೇಡ," ಎಂದಳು.

ರುದ್ರಸ್ವಾಮಿಗೆ ಅದರಿಂದ ಏನೂ ಆಗಲಿಲ್ಲ. ಸಾಹುಕಾರ ಮಹದೇವಪ್ಪ ಅದೇ ಆಗ ಕೃಷ್ಣರಾಜನಗರಕ್ಕೆ ಬಸ್ಸು ಬಿಟ್ಟಿದ್ದ; ವಾರದೊಳಗೆ ಇವನು ಅದರ ಡ್ರೈವರಾದ. ಹೋಟೆಲಿನ ಬೆಂಚಿನ ಮೇಲೆ ಕೂತು, "ಆ ಮುಂಡೆ ಮೋಟಾರಿನೊಳಗೆ ಕೋಳಿ ಕಾವಿಗೆ ಕೂರಿಸ್ತಾಳೆ, ನೋಡ್ತಿರಿ. ಆಗ ಹಳೇ ಕಬ್ಬಿಣದ ರೇಟಿಗೆ ನಾನೇ ತಗೋತೀನಿ," ಎಂದು ನಾಲ್ಕು ಜನ ಕೇಳುವಂತೆ ಹೇಳಿದ. ಮೈಸೂರಿನಿಂದ ಕೆಲಸಕ್ಕೆಂದು ಬಂದ ಇಬ್ಬರು ಡ್ರೈವರುಗಳನ್ನು ಏನೇನೋ ಹೇಳಿ ಬಸ್ ಸ್ಟ್ಯಾಂಡಿನಿಂದಲೇ ವಾಪಸು ಕಳಿಸಿದ.

ಮಾತು ಕೆಂಪಾಜಮ್ಮನ ಕಿವಿಗೆ ಬಿತ್ತು. ಅವಳು ಚಿಕ್ಕಮಾದುವನ್ನು ಕರೆದಳು.

"ಮಾದು, ಮೋಟಾರನ್ನ ಕಣಕ್ಕೆ ನೂಕ್ಬೇಕು. ಜನ ಕರ್ಕೊಂಡ್ ಬಾ."

"ಯಾಕವ್ವಾ?"

"ಕಲಿಯಾಕೆ."

"ಯಾರ್ ಕಲಿಸ್ತಾರೆ?"

"ಯಾರೂ ಇಲ್ಲ. ಅದೇ ಕಲಿಸ್ತದೆ."

ಅತ್ತೆ ತಿಮ್ಮಮ್ಮ ಎದೆ ಬಡಿದುಕೊಂಡರು. ಗಂಡ ಸತ್ತು ಮೂರು ತಿಂಗಳಾಗಿಲ್ಲ, ಊರು ಏನಂದೀತು ಎಂದರು. "ಊರು ಗಾಡಿ ಹಿಂದೆ ಅತ್ಕೊಂಡ್ ಬಂತಲ್ಲ ಅತ್ತೆ, ಅಷ್ಟ್ ಸಾಕು," ಎಂದು ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡಳು.

ಮೊದಲು ಹಿಂದಿನ ಅಚ್ಚನ್ನು ಎತ್ತಿ ಕಲ್ಲುಚಪ್ಪಡಿಗಳ ಮೇಲೆ ಕೂರಿಸಿದರು. ಗಾಲಿ ತಿರುಗಿದರೂ ಮೋಟಾರು ಎಲ್ಲಿಗೂ ಹೋಗದು. ದೇವಯ್ಯ ಮುಚ್ಚಳ ಎತ್ತಿ ತೋರಿಸಿದ್ದ ಜಾಗದಲ್ಲಿ ಬಿಲ್ಲೆ ಕೂರಿಸಿದ ಮೇಲೆ ಚಿಕ್ಕಮಾದು ಹ್ಯಾಂಡಲ್ ತಿರುಗಿಸಿದ. ಅದು ಹಿಮ್ಮೆಟ್ಟಿ ಒದ್ದು ಅವನ ಮಣಿಕಟ್ಟು ಊದಿಕೊಂಡಿತು. ಸ್ಟೇರಿಂಗಿನ ಕೆಳಗಿದ್ದ ಸಣ್ಣ ಕಡ್ಡಿಯನ್ನು ಮೇಲಕ್ಕೆ ಸರಿಸಿಟ್ಟರೆ ಒದೆಯುವುದಿಲ್ಲ ಎಂದು ಗೊತ್ತಾಗಲು ಹತ್ತು ದಿನ ಹಿಡಿಯಿತು. ಆಮೇಲೆ ಕೆಂಪಾಜಮ್ಮ ಒಂದೊಂದು ಪೆಡಲನ್ನೂ ತುಳಿದು ನೋಡಿದಳು. ಗೇರಿನ ಕೋಲನ್ನು ಒಂದೊಂದು ಕಡೆಗೆ ತಳ್ಳಿ, ಹಿಂದೆ ಗಾಲಿ ಏನು ಮಾಡಿತೆಂದು ಚಿಕ್ಕಮಾದು ಕೂಗಿ ಹೇಳುವುದನ್ನು ಕೇಳಿದಳು. "ನಿಧಾನಕ್ಕವ್ವಾ... ಈಗ ಬಿರುಸು... ಅಯ್ಯೋ, ಈಗ ಹಿಂದುಕ್ಕೆ!" ಹಿಂದಿನ ಸೀಟಿನಲ್ಲಿ ಮೂರು ವರ್ಷ ಕೂತು ಕೇಳಿದ ಇಂಜಿನ್ನಿನ ಸದ್ದು ಅವಳ ಕಿವಿಯಲ್ಲಿತ್ತು. ಟವಲಿನಡಿಯಲ್ಲಿ ಕಣ್ಣಿಗೆ ಕಾಣದಿದ್ದದ್ದನ್ನು ಆ ಸದ್ದಿನಿಂದ ಹುಡುಕಿದಳು.

ಗಾಲಿಯನ್ನು ನೆಲಕ್ಕೆ ಇಳಿಸಿದ ದಿನ ಮೋಟಾರು ನೆಟ್ಟಗೆ ಹುಲ್ಲಿನ ಮೆದೆಗೆ ನುಗ್ಗಿತು. ಇನ್ನೊಂದು ದಿನ ಬದುವಿನಿಂದ ಗದ್ದೆಗೆ ಇಳಿಯಿತು. ಎಂಟು ಜೋಡಿ ಎತ್ತು ಕಟ್ಟಿ ಎಳೆಯುವಾಗ ರುದ್ರಸ್ವಾಮಿ ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ಜನರಿಗೆ ತೋರಿಸಿ, ಹಾರನ್ ಒತ್ತಿ ಒತ್ತಿ ನಕ್ಕ. ಕೆಸರಿನಲ್ಲಿ ಮೊಣಕಾಲುದ್ದ ನಿಂತಿದ್ದ ಕೆಂಪಾಜಮ್ಮ ತಲೆಯೆತ್ತಲಿಲ್ಲ. ಆದರೆ ಅಂದು ಅವಳಿಗೆ ಒಂದು ವಿಷಯ ಖಚಿತವಾಯಿತು: ತಾನು ಕಲಿತರೆ ಸಾಲದು. ಅವನೊಬ್ಬನಿಗೇ ಗೊತ್ತೆಂಬ ಮಾತೇ ಈ ಸೀಮೆಯಲ್ಲಿ ಉಳಿಯಬಾರದು.

ಎರಡನೆಯ ಸುಗ್ಗಿಯ ಹೊತ್ತಿಗೆ ಅವಳೂ ಚಿಕ್ಕಮಾದುವೂ ಮೈಸೂರಿಗೆ ಹೋಗಿ ಪೊಲೀಸ್ ಇನ್ಸ್‌ಪೆಕ್ಟರರ ಮುಂದೆ ಮೋಟಾರು ನಡೆಸಿ ತೋರಿಸಿ ಲೈಸೆನ್ಸ್ ತಂದರು. ಬಂದ ಮಾರನೆಯ ದಿನವೇ ಊರಿನಲ್ಲಿ ತಮಟೆ ಹೊಡೆಸಿದಳು. ಮೋಟಾರು ಕಲಿಯಬೇಕೆಂಬವರು, ಯಾವ ಜಾತಿಯವರೇ ಆಗಲಿ, ಕಣಕ್ಕೆ ಬರಬಹುದು, ಕಾಸು ಬೇಡ.

ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ ಕುಂಬಾರರ ಒಬ್ಬ, ಸಾಬರ ಇಬ್ಬರು ಅಣ್ಣತಮ್ಮಂದಿರು, ಹೀಗೆ ಶುರುವಾಯಿತು. ಅವಳಿಗಿಂತ ಚೆನ್ನಾಗಿ ಕಲಿಸುವವರು ಇರಲಿಲ್ಲ. ಮಾಡಬಹುದಾದ ತಪ್ಪನ್ನೆಲ್ಲ ತಾನೇ ಮಾಡಿ ಮುಗಿಸಿದ್ದಳು. ಎರಡು ವರ್ಷದಲ್ಲಿ ಹದಿಮೂರು ಜನ ಕಲಿತರು. ಒಬ್ಬೊಬ್ಬರು ಕಲಿತಾಗಲೂ ರುದ್ರಸ್ವಾಮಿಯ ಬಸ್ಸು ಬರುವ ಹೊತ್ತು ನೋಡಿಕೊಂಡು ಅವರನ್ನು ರಸ್ತೆಗೆ ಬಿಡುತ್ತಿದ್ದಳು.

ಕೊನೆಗೆ ಅವಳೇ ಮಹದೇವಪ್ಪನ ಮನೆಗೆ ಹೋದಳು. ರುದ್ರಸ್ವಾಮಿ ತಿಂಗಳಿಗೊಮ್ಮೆ ಬಸ್ಸನ್ನು ದಾರಿಯಲ್ಲಿ ನಿಲ್ಲಿಸಿ ಸಂಬಳ ಏರಿಸಿಕೊಳ್ಳುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

"ನಮ್ ಚಿಕ್ಕಮಾದು ಅವ್ನೆ. ಅವನ್ನ ಇಟ್ಕೊಳ್ಳಿ."

"ಆ ಕೇರಿಯೋನು ಕೂತ್ರೆ ಮಿಕ್ಕ ಜಾತಿ ಜನ ಬಸ್ ಹತ್ತಾರೇನವ್ವಾ?"

"ಅಂಗಾರೆ ರುದ್ರಸ್ವಾಮಿ ಕೇಳ್ದಂಗೆ ಕುಣೀತಾ ಇರಿ," ಎಂದು ಎದ್ದಳು. ಮಹದೇವಪ್ಪ ಅವಳನ್ನು ಬಾಗಿಲಿನಿಂದ ವಾಪಸು ಕರೆದ.

ಚಿಕ್ಕಮಾದು ಸ್ಟೇರಿಂಗ್ ಹಿಡಿದ ಮೊದಲೆರಡು ದಿನ ಬಸ್ಸು ಅರ್ಧ ಖಾಲಿ ಹೋಯಿತು. ಮೂರನೆಯ ದಿನ ಸಂತೆ. ಎಲ್ಲರೂ ಹತ್ತಿದರು.

ಆ ವಾರವೇ ರುದ್ರಸ್ವಾಮಿ ಕೆಂಪಾಜಮ್ಮನ ಜಗಲಿಯ ಕೆಳಗೆ ಬಂದು ನಿಂತ. ಟೋಪಿ ಕೈಯಲ್ಲಿತ್ತು.

"ಅಮ್ಮಾವ್ರೇ, ನನ್ ಹೊಟ್ಟೆ ಮೇಲೆ ಹೊಡ್ದದ್ದು ಸಾಕು. ಇನ್ನಾದ್ರೂ ಕಲ್ಸೋದು ನಿಲ್ಲಿಸ್ರಿ."

"ತಪ್ ಮಾಡ್ದೆ ಅನ್ನು. ನಿಲ್ಲಿಸ್ತೀನಿ."

"ನಾನೇನ್ ಮಾಡ್ದೆ? ಮೋಟಾರು ಜೋಪಾನ ಮಾಡ್ದೆ. ಅವ್ರ ಆಯಸ್ಸು ಅಷ್ಟೇ ಇತ್ತು."

ಕೆಂಪಾಜಮ್ಮ ಜಗಲಿಯಿಂದ ಇಳಿದು ಅವನ ಎದುರಿಗೆ ನಿಂತಳು. "ಗಾಡಿ ಏರಿ ಮೇಲೆ ಹೋಗ್ತಿತ್ತು. 'ಇನ್ನೆಷ್ಟು ದೂರ' ಅಂತ ಮೂರು ಸಲ ಕೇಳಿದ್ರು. ಎರಡು ಸಲ 'ಬಂತು, ಬಂತು' ಅಂತ ಸುಳ್ಳು ಹೇಳ್ದೆ. ಮೂರ್ನೇ ಸಲ ನನ್ ಬಾಯಲ್ಲಿ ಸುಳ್ಳೂ ಬರ್ನಿಲ್ಲ. ಅವ್ರು ನನ್ ಮೊಕಾನೇ ನೋಡ್ತಿದ್ರು. ಆಯಸ್ಸಿನ ಮಾತು ನನ್ನತ್ರ ಆಡ್ಬೇಡ."

ಅವನು ಟೋಪಿಯನ್ನು ತಲೆಗೆ ಹಾಕಿಕೊಂಡ. ತಪ್ಪೆಂಬ ಮಾತು ಮಾತ್ರ ಆಡಲಿಲ್ಲ. ತಿರುಗಿ ನಡೆದುಬಿಟ್ಟ.

ಅವನು ಸರಗೂರು ಸೇರಿ ಮರದ ವ್ಯಾಪಾರಿಯೊಬ್ಬನ ಲಾರಿ ಹಿಡಿದನೆಂದು ತಿಂಗಳ ಮೇಲೆ ಸುದ್ದಿ ಬಂತು. ಅಲ್ಲಿ ಬೇರೆ ಡ್ರೈವರ್ ಇಲ್ಲವಂತೆ, ಹತ್ತಿರ ಬಂದವರನ್ನು ಬೈದು ಓಡಿಸುತ್ತಾನಂತೆ. ಕೆಂಪಾಜಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಚಿಕ್ಕಮಾದುವಿಗೆ ಹೇಳಿ ಕಳಿಸಿದಳು.

"ಸರಗೂರ್‌ಗೆ ಹೋಗ್ಬೇಕು, ಮಾದು. ಅಲ್ಲೂ ಕಲಿಸಾಣ."

ಅವಳ ಮಾತಿಗೆ ಚಿಕ್ಕಮಾದು ಅಲ್ಲಿಯವರೆಗೆ ಎಂದೂ ಎದುರಾಡಿದವನಲ್ಲ.

"ನಾ ಬರಾಕಿಲ್ಲ ಅವ್ವಾ. ಅವ್ನು ನನ್ ಕೈಗೂ ಹೊಡ್ದವ್ನೇ, ಇಲ್ಲ ಅನ್ನಾಕಿಲ್ಲ. ಆದ್ರೆ ನಾ ಕಲ್ತಿದ್ದು ನನ್ ಹೆಡ್ತಿಮಕ್ಕಳ ಗಂಜಿಗೆ. ನಿಮ್ ಸೇಡಿಗಲ್ಲ. ಅವನ್ಗೂ ಒಂದ್ ಹೊಟ್ಟೆ ಅದೆ, ಬುಟ್ಬುಡಿ."

"ನಿಂದು ಸರಿ, ಮಾದು," ಎಂದಳು ಕೆಂಪಾಜಮ್ಮ. ಕೋಪಿಸಿಕೊಳ್ಳಲಿಲ್ಲ. "ನೀ ಬಸ್ಸಿಗೆ ಹೋಗು, ಹೊತ್ತಾಯ್ತು."

ಅವನು ಹೋದಮೇಲೆ ಎರಡು ಡಬ್ಬ ಪೆಟ್ರೋಲು, ಒಂದು ಗಂಟು ರಾಗಿರೊಟ್ಟಿ ಹಿಂದಿನ ಸೀಟಿನಲ್ಲಿಟ್ಟು, ಹ್ಯಾಂಡಲನ್ನು ತಾನೇ ತಿರುಗಿಸಿ ಹೊರಟಳು. ಹುಣಸೂರು ದಾಟಿ, ಹೆಗ್ಗಡದೇವನಕೋಟೆಯ ಕಾಡುರಸ್ತೆಯಲ್ಲಿ ಎರಡು ಸಲ ಟೈರು ಬಿಚ್ಚಿ ತೇಪೆ ಹಾಕಿಕೊಂಡು, ಸಂಜೆಗೆ ಸರಗೂರು ಮುಟ್ಟಿದಳು. ದೂರದ ಸಂಬಂಧದ ಪುಟ್ಟಮಲ್ಲಮ್ಮ ಎಂಬವಳ ಮನೆಯಲ್ಲಿ ಇಳಿದುಕೊಂಡಳು. ಮರುದಿನ ಸಂತೆಮಾಳದಲ್ಲಿ ಮೋಟಾರು ನಿಲ್ಲಿಸಿ, ಕಲಿಯುವವರು ಬನ್ನಿ ಎಂದು ಕರೆದಳು.

ಮಧ್ಯಾಹ್ನ ಮರ ಹೇರಿಕೊಂಡು ಬಂದ ರುದ್ರಸ್ವಾಮಿ ಅವಳನ್ನು ನೋಡಿ ಲಾರಿ ನಿಲ್ಲಿಸಿದ. ಇಳಿಯಲಿಲ್ಲ. ಅವಳೂ ಅವನತ್ತ ಒಂದು ಸಲ ನೋಡಿ, ಪಕ್ಕದಲ್ಲಿದ್ದ ಮರದ ಡಿಪೋದ ಆಳಿಗೆ ಕ್ಲಚ್ಚು ತೋರಿಸುವುದನ್ನು ಮುಂದುವರಿಸಿದಳು.

ಒಂದೂವರೆ ತಿಂಗಳಲ್ಲಿ ಐದು ಜನ ಕಲಿತರು. ಆರನೆಯವನು ಕಲಿಯುವ ಮೊದಲೇ ರುದ್ರಸ್ವಾಮಿ ಗಂಟುಮೂಟೆ ಕಟ್ಟಿ ವಯನಾಡಿನ ಕಡೆಗೆ ಹೋಗಿಬಿಟ್ಟ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಲವಾಗಿ ಪೆಟ್ರೋಲಿಗೆ ರೇಷನ್ ಬಂತು. ಕೆಂಪಾಜಮ್ಮನಿಗೆ ಅವನ ಹಿಂದೆ ಗಡಿಯಾಚೆಗೆ ಹೋಗಿ ಕಲಿಸಲು ಆಗಲಿಲ್ಲ. ಆ ಬಗ್ಗೆ ಅವಳಿಗೆ ಕೊನೆಯವರೆಗೂ ಬೇಸರವಿತ್ತು.