ಮಾವನ ಗಾಡಿಗೆ ಎರಡು ದೀಪ

ನನ್ನ ಮಾವ ಕಾಲುವೆ ಕಾಯುವವರು. ಏರಿಯ ಮೇಲೆ ಓಡಾಡಲೆಂದು ನೀರಿನ ಆಫೀಸಿನವರು ಅವರಿಗೆ ಎಟಿವಿ ಕೊಟ್ಟಿದ್ದಾರೆ. ದಪ್ಪ ಟೈರು, ಬೈಕಿನಂಥ ಹ್ಯಾಂಡಲ್ಲು, ನಾಲ್ಕು ಚಕ್ರ. ಕತ್ತಲಾದ ಮೇಲೆ ಅದರಲ್ಲೇ ಅತ್ತೆಯನ್ನು ಅವರು ಕೂಲಿಗೆ ಹೋಗುವ ಪ್ಯಾಕಿಂಗ್ ಶೆಡ್ಡಿನಿಂದ ಮನೆಗೆ ಕರೆತರುತ್ತಾರೆ. ಹೋದ ವಾರ ಗಾಡಿ ಏರಿಯಿಂದ ಜಾರಿ ಗುಂಡಿಗೆ ಬಿತ್ತು. ಮಾವನಿಗೆ ತರಚು ಗಾಯವೂ ಇಲ್ಲ, ಅತ್ತೆಯ ಮುಂಗೈಗೆ ಪಟ್ಟಿ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾವ ದೀಪದ ಮೇಲೆ ತಪ್ಪು ಹೊರಿಸಿದರು.

"ಇನ್ನೆರಡು ದೀಪ ಹಾಕ್ಕೊಡು. ಹಗಲು ಮಾಡ್ಬಿಡು," ಎಂದರು. ನನ್ನದು ಗಾಡಿಗಳ ವೈರಿಂಗ್ ಅಂಗಡಿ. ಸೊಸೆಯ ಕೆಲಸಕ್ಕೆ ಕೂಲಿ ಇಲ್ಲ, ಸಲಹೆ ಧಾರಾಳ.

ದೀಪಗಳನ್ನು ಮುಂದಿನ ಕಂಬಿಗೆ ಬಿಗಿದೆ, ಸ್ವಿಚ್ಚನ್ನು ಹ್ಯಾಂಡಲ್ಲಿಗೆ ಕೂರಿಸಿದೆ. ಅಷ್ಟೂ ಕರೆಂಟನ್ನು ಆ ಪುಟ್ಟ ಸ್ವಿಚ್ಚಿನ ಮೂಲಕ ಹರಿಸಿದರೆ ಅದು ಕರಗಿಹೋಗುತ್ತದೆ. ಅದಕ್ಕೇ ಸೀಟಿನ ಕೆಳಗೆ, ಬ್ಯಾಟರಿಯ ಪಕ್ಕ ಒಂದು ರಿಲೇ. ಸ್ವಿಚ್ಚು ಅಪ್ಪಣೆ ಕೊಡುತ್ತದೆ, ರಿಲೇ ಹೊರೆ ಹೊರುತ್ತದೆ. ಈ ಮನೆಯಲ್ಲಿ ಮಾವ ಸ್ವಿಚ್ಚು, ಅತ್ತೆ ರಿಲೇ ಎಂದು ಗಂಡನ ಹತ್ತಿರ ನಾನು ಅಂದದ್ದುಂಟು. ಸ್ವಿಚ್ಚಿನ ತಂತಿಯನ್ನು ಕೀಲಿ ತಿರುಗಿಸಿದರೆ ಮಾತ್ರ ಕರೆಂಟು ಬರುವ ಲೈನಿಗೆ ಸೇರಿಸಿದೆ. ಇಲ್ಲದಿದ್ದರೆ ಮಾವ ಆರಿಸಲು ಮರೆತು, ಬ್ಯಾಟರಿ ಸತ್ತಿತೆಂದು ಬೆಳಿಗ್ಗೆ ನನ್ನನ್ನೇ ಬೈಯುತ್ತಾರೆ.

ನನ್ನದೊಂದು ಪದ್ಧತಿ ಇದೆ. ದೀಪದ ಫ್ಯೂಸು ಹಾಕುವ ಮೊದಲು ಬರೀ ರಿಲೇ ಪರೀಕ್ಷೆ ಮಾಡುತ್ತೇನೆ. ಸ್ವಿಚ್ಚು ಒತ್ತಿದಾಗ ರಿಲೇ ಟಕ್ ಅನ್ನಬೇಕು. ದೀಪ ಹತ್ತುವುದಿಲ್ಲ.

ಹೊತ್ತು ಮುಳುಗಿತ್ತು. ಗಾಡಿಯ ಮುಂದೆ ಕೊಟ್ಟಿಗೆಯ ಗೋಡೆ. ಮಾವ ಕೀಲಿ ತಿರುಗಿಸಿ, ಹಳೇ ದೀಪ ಆರಿಸಿ ಸೀಟಿನ ಮೇಲೆ ಕೂತಿದ್ದರು.

"ಒತ್ತಿ ಮಾವ."

ಟಕ್.

"ಅಬ್ಬಾ! ಕಣ್ಣು ಕುಕ್ಕುತ್ತೆ ಕಣಮ್ಮ. ಗೋಡೆ ಮೇಲೆ ಇರುವೆ ಹೋದ್ರೂ ಕಾಣುತ್ತೆ."

ನಾನು ಗೋಡೆ ನೋಡಿದೆ. ಅಲ್ಲಿ ಕತ್ತಲು. ಫ್ಯೂಸು ನನ್ನ ಅಂಗೈಯಲ್ಲಿತ್ತು.

"ಆರಿಸಿ, ಇನ್ನೊಂದ್ಸಲ ಒತ್ತಿ."

ಟಕ್, ಮತ್ತೆ ಟಕ್. "ಎಡಗಡೇದು ಒಂಚೂರು ಮೇಲಾಯ್ತು, ತಗ್ಗಿಸು," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಮಾವ, ದೀಪ ಇನ್ನೂ ಹತ್ತೇ ಇಲ್ಲ," ಎಂದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂಗಳಕ್ಕೆ ಇಳಿದು ಬಂದರು.

"ಕತ್ತಲಾದ್ರೆ ಅವರಿಗೆ ಕಾಣಲ್ಲ ಕಣೆ. ನಾನು ಹಿಂದೆ ಕೂತು ಭುಜ ತಟ್ತೀನಿ. ಎಡ ತಟ್ಟಿದ್ರೆ ಎಡಕ್ಕೆ, ಬಲ ತಟ್ಟಿದ್ರೆ ಬಲಕ್ಕೆ."

"ಮತ್ತೆ ಹೋದ ವಾರ?"

"ನಂಗೆ ಸೀನು ಬಂತು."

ನಗು ಬಂತು. ನಗುವಿನ ಹಿಂದೆಯೇ ಹೆದರಿಕೆಯೂ ಬಂತು. ಏರಿಯ ಒಂದು ಮಗ್ಗುಲಲ್ಲಿ ಗುಂಡಿ, ಇನ್ನೊಂದು ಮಗ್ಗುಲಲ್ಲಿ ಆಳದ ನೀರು. ಅತ್ತೆಗೆ ಈಜು ಬರುವುದಿಲ್ಲ. "ಆ ಕಡೆ ಬಿದ್ದಿದ್ರೆ?" ಎಂದು ಕೂಗಿದೆ. ಇಬ್ಬರೂ ಬೈಸಿಕೊಳ್ಳುವ ಮಕ್ಕಳ ಹಾಗೆ ತಲೆ ತಗ್ಗಿಸಿದರು.

"ಗಾಡಿ ಓಡಿಸದವನಿಗೆ ಕಾವಲಿನ ಕೆಲಸ ಯಾರು ಕೊಡ್ತಾರೆ?" ಎಂದರು ಮಾವ. "ಮನೇಲಿ ಕೂತು ಏನ್ಮಾಡ್ಲಿ?"

ನಾನು ಫ್ಯೂಸು ತುರುಕಿದೆ. ಗೋಡೆ, ಜೇಡರ ಬಲೆ, ಅತ್ತೆಯ ಕೈಪಟ್ಟಿ ಎಲ್ಲ ಒಮ್ಮೆಲೇ ಬೆಳ್ಳಗಾದವು.

"ಈಗ ಹತ್ತಿದ್ವು, ಅಲ್ವಾ?" ಮಾವ ಮೆಲ್ಲಗೆ ಕೇಳಿದರು.

"ಹೌದು. ಏನು ಕಾಣುತ್ತೆ?"

"ಬೆಳ್ಳಗೆ ಏನೋ."

ಅವರು ಕೀಲಿ ತಿರುಗಿಸಿ ಕಿತ್ತರು. ದೀಪಗಳು ಆರಿದವು. "ತಗೋ, ನಾಳೆ ಆಫೀಸಿಗೆ ಕೊಟ್ಟು ಬಾ," ಎಂದು ಕೀಲಿ ನನ್ನ ಕೈಗಿಟ್ಟರು. ಅಷ್ಟು ಕೂಗಾಡಬಾರದಿತ್ತು ಅನ್ನಿಸಿತು.

ಆಮೇಲೆ ಅತ್ತೆಯ ಕಡೆ ತಿರುಗಿ, "ಇನ್ಮೇಲೆ ಶೆಡ್ಡಿಂದ ಹೇಗೆ ಬರ್ತೀಯ?" ಎಂದರು.

"ನಡ್ಕೊಂಡು. ನೀವು ಬೆಳಕಿದ್ದಾಗ್ಲೇ ಬಂದು ಅಲ್ಲಿ ಕೂತಿರಿ, ಒಟ್ಟಿಗೆ ಬರೋಣ. ಕತ್ತಲಲ್ಲಿ ಒಬ್ಬಳೇ ಬರೋಕೆ ನಂಗೆ ಭಯ."

ಅತ್ತೆ ಯಾವುದಕ್ಕಾದರೂ ಭಯಪಟ್ಟದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ.

"ಬರ್ತೀನಿ ಬಿಡು," ಎಂದರು ಮಾವ, ಕಾವಲುಗಾರನ ಗತ್ತಿನಲ್ಲಿ. "ನಾನಿರುವಾಗ ನಿಂಗೇನು ಭಯ."