ವಿಟ್‌ಕ್ಲಿಪ್‌ನ ಮೊದಲ ಜೋಡಿ

ಗ್ರೀತಾ ಫೆಬ್ರುವಾರಿ ಎಂಬ ಹೆಂಗಸು ತನ್ನ ಕೈಯಾರೆ ಎರಕ ಹೊಯ್ದ ನಲವತ್ತು ಸಿಮೆಂಟ್ ಪೆಂಗ್ವಿನ್‌ಗಳು ವಿಟ್‌ಕ್ಲಿಪ್ ಕೊಲ್ಲಿಯ ಬಂಡೆಗಳ ಮೇಲೆ ನಿಂತು ಮೂರು ವರ್ಷ ಕಳೆದಿತ್ತು. ಈ ಮೂರು ವರ್ಷದಲ್ಲಿ ನೀರುಕಾಗೆಗಳು ಅವುಗಳ ತಲೆಯ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡವು, ಉಪ್ಪುಗಾಳಿ ಎರಡು ಸಲ ಬಣ್ಣ ನೆಕ್ಕಿಕೊಂಡು ಹೋಯಿತು, ಚಳಿಗಾಲದ ಅಲೆಯೊಂದು ಮೂರನ್ನು ಸಮುದ್ರಕ್ಕೆ ಎಳೆದುಕೊಂಡಿತು. ನಿಜವಾದ ಪೆಂಗ್ವಿನ್ ಮಾತ್ರ ಒಂದೂ ಬರಲಿಲ್ಲ.

ಈ ಯೋಜನೆ ನೊಕ್ವಾಂಡಾಳದು. ಹಕ್ಕಿಗಳ ಬಗ್ಗೆ ದೊಡ್ಡ ಓದು ಓದಿದ ಆ ಹುಡುಗಿ ಮೊದಲ ಸಲ ಗ್ರೀತಾಳ ಮನೆಗೆ ಬಂದಾಗ ಲೆಕ್ಕ ಸರಳವಾಗಿ ಹೇಳಿದ್ದಳು. ಪಶ್ಚಿಮದ ದ್ವೀಪಗಳಲ್ಲಿ ಮೀನಿಲ್ಲದೆ ಪೆಂಗ್ವಿನ್‌ಗಳು ಸಾಯುತ್ತಿವೆ. ಮೀನೆಲ್ಲ ಇತ್ತ, ವಿಟ್‌ಕ್ಲಿಪ್‌ನ ಕಡೆಗೆ ಸರಿದಿದೆ. ಆದರೆ ಪೆಂಗ್ವಿನ್ ಬರಿಯ ಮೀನು ನೋಡಿ ಸಂಸಾರ ಹೂಡುವ ಪ್ರಾಣಿಯಲ್ಲ. ನೆರೆಹೊರೆ ಬೇಕು, ಗದ್ದಲ ಬೇಕು. ಇಲ್ಲಿ ಆಗಲೇ ಒಂದು ಕೇರಿಯಿದೆ ಎಂದು ಅದನ್ನು ನಂಬಿಸಬೇಕು.

ಹಾಗೆ ಸಿಮೆಂಟ್ ಹಕ್ಕಿಗಳಾದವು. ಸೌರಫಲಕ ಕಟ್ಟಿದ ಸ್ಪೀಕರ್ ಒಂದು ಬಂತು. ಬೆಳಗಿನಿಂದ ಸಂಜೆವರೆಗೆ ಅದು ಪೆಂಗ್ವಿನ್ ಕೂಗನ್ನು ಕೂಗುತ್ತಿತ್ತು. ಈ ಕರಾವಳಿಯ ಪೆಂಗ್ವಿನ್‌ನ ಕೂಗೆಂದರೆ ಕೇಳಬೇಕೆ, ಥೇಟು ಕತ್ತೆಯದೇ. ಮೊದಲ ತಿಂಗಳು ಊರಿನ ನಿಜವಾದ ಕತ್ತೆ ದಿನವಿಡೀ ಅದಕ್ಕೆ ಉತ್ತರ ಕೊಟ್ಟು ಗಂಟಲು ಕಟ್ಟಿಸಿಕೊಂಡಿತು.

ಗ್ರೀತಾ ಇಪ್ಪತ್ತಾರು ವರ್ಷ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಸಾರ್ಡೀನ್‌ಗಳ ತಲೆ ಕತ್ತರಿಸಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಸಿಮೆಂಟ್ ಹೂಕುಂಡ ಮಾಡಿ ಮಾರುತ್ತಿದ್ದಳು. ನೊಕ್ವಾಂಡಾ ಹುಡುಕಿ ಬಂದದ್ದು ಆ ಕೈಗೆಲಸಕ್ಕಾಗಿ. ಆದರೆ ಗ್ರೀತಾ ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಅವಳ ಅಪ್ಪ ಆ ದ್ವೀಪಗಳಲ್ಲೊಂದರಲ್ಲಿ ಹಕ್ಕಿ ಹಿಕ್ಕೆಯ ಗೊಬ್ಬರ ಕೆರೆಯುವ ಕೂಲಿಯಾಗಿದ್ದ. ಅಲ್ಲಿ ಅವಳು ಕಾಲಿಡಲು ಜಾಗವಿಲ್ಲದಷ್ಟು ಪೆಂಗ್ವಿನ್‌ಗಳ ನಡುವೆ ಬೆಳೆದಳು. ಮುಂಜಾನೆ ಬುಟ್ಟಿ ಹಿಡಿದು ಅವುಗಳ ಮೊಟ್ಟೆ ಆಯ್ದಳು, ತಿಂದಳು. ಬೇಯಿಸಿದರೂ ಬೆಳ್ಳಗಾಗದೆ ಗಾಜಿನಂತೆ ಉಳಿಯುವ ಆ ಲೋಳೆಯ ರುಚಿ ಅವಳ ನಾಲಗೆಗೆ ಇನ್ನೂ ನೆನಪಿತ್ತು. ಈಗ ಆ ದ್ವೀಪದಲ್ಲಿ ಹಕ್ಕಿಗಳನ್ನು ಬೆರಳಲ್ಲಿ ಎಣಿಸಬಹುದು ಎಂದು ನೊಕ್ವಾಂಡಾ ಹೇಳಿದ ದಿನ ಗ್ರೀತಾ ಊಟ ಮಾಡಲಿಲ್ಲ.

ಊರಿಗೆ ಇದೆಲ್ಲ ತಮಾಷೆಯಾಗಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವಳ ಸತ್ತ ಗಂಡನ ಅಣ್ಣ ಅಬ್ರಾಮ್. ಸ್ನೂಕ್ ಮೀನು ಹಿಡಿದು ಹಿಡಿದು ಅಂಗೈ ಹಗ್ಗದಂತಾಗಿದ್ದ ಮುದುಕ. ದೋಣಿ ಎಳೆಯುವಾಗೆಲ್ಲ ಅವನದು ಅದೇ ಪ್ರಶ್ನೆ.

“ಏನ್ ಗ್ರೀತಾ, ನಿನ್ನ ಸಿಮೆಂಟ್ ಮಕ್ಕಳು ಊಟ ಮಾಡಿದ್ವಾ?”

“ಮಾಡಿದ್ವು ಬಾವ. ನಿಮ್ಮ ಥರ ಇನ್ನೊಬ್ಬರ ಮನೆ ಬಾಗಿಲಿಗೆ ಬಂದು ಕೇಳಲ್ಲ ಅವು.”

ಫೆಬ್ರುವರಿಯ ಕೊನೆಯ ವಾರ, ಗುರುವಾರ, ಮಧ್ಯಾಹ್ನ ನಾಲ್ಕರ ಹೊತ್ತು. ಸ್ಪೀಕರ್ ಇದ್ದಕ್ಕಿದ್ದಂತೆ ಕೆಮ್ಮಿ ನಿಂತಿತು. ಉಪ್ಪು ತಿಂದ ತಂತಿ ಗ್ರೀತಾಳ ಕೈಯಲ್ಲೇ ಪುಡಿಯಾಯಿತು. ಅವಳು ಬಯ್ದುಕೊಳ್ಳುತ್ತ ತಲೆಯೆತ್ತಿದಾಗ ನೊರೆಯ ಆಚೆ ನೀರಿನಲ್ಲಿ ಏನೋ ಕರ್ರಗೆ ಕಂಡಿತು.

ನೀರುಕಾಗೆ ಇರಬೇಕು ಅಂದುಕೊಂಡಳು. ಅಲ್ಲ, ನೀರುಕಾಗೆಗೆ ಕುತ್ತಿಗೆ ಉದ್ದ. ಇದರ ಮೈ ನೀರೊಳಗೆ, ತಲೆ ಮಾತ್ರ ಮೇಲೆ, ಹಿಂದೆ ಬಾಲದ ತುಂಡು. ಅಲೆ ಎತ್ತಿದಾಗ ಒಂದು ಕ್ಷಣ ಬೆಳ್ಳನೆಯ ಎದೆ ಮಿಂಚಿತು. ಐವತ್ತು ವರ್ಷದ ಹಿಂದೆ ನೋಡಿದ ಎದೆ ಅದು.

ಹಕ್ಕಿ ಬಂಡೆಯತ್ತ ಬಂತು. ನಿಂತಿತು. ತಲೆ ಅತ್ತಿತ್ತ ತಿರುಗಿಸಿತು. ಮತ್ತೆ ಹಿಂದೆ ಸರಿಯಿತು. ಕೂಗು ಕೇಳಿ ಬಂದಿದೆ, ಈಗ ಕೂಗು ನಿಂತುಹೋಗಿದೆ, ಅದಕ್ಕೇ ಅನುಮಾನ ಎಂದು ಗ್ರೀತಾಳಿಗೆ ಹೊಳೆಯಿತು. ಹೊಳೆದದ್ದೇ ತಡ, ಪೊದೆಯ ಹಿಂದೆ ಮಂಡಿಯೂರಿ, ಎದೆ ತುಂಬ ಉಸಿರೆಳೆದು, ತಾನೇ ಕೂಗಿದಳು. ಮೂರು ವರ್ಷ ದಿನವಿಡೀ ಕೇಳಿದ್ದು ವ್ಯರ್ಥವಾಗಿರಲಿಲ್ಲ. ಮೊದಲು ಚಿಕ್ಕ ಚಿಕ್ಕ ಏದುಸಿರು, ಆಮೇಲೆ ಉದ್ದದ ಒಂದು ಅರಚು.

ಕೆಳಗೆ ದೋಣಿ ತೊಳೆಯುತ್ತಿದ್ದ ಅಬ್ರಾಮ್ ಓಡಿ ಬಂದ. “ಏನಾಯ್ತೇ? ಎದೆನೋವಾ?”

“ಕೂತ್ಕೊಳ್ಳಿ. ತಲೆ ಬಗ್ಗಿಸಿ. ಅಲ್ಲಿ ನೋಡಿ.”

ಅಬ್ರಾಮ್ ನೋಡಿದ. ಅರವತ್ತು ವರ್ಷ ಕಡಲು ನೋಡಿದ ಕಣ್ಣಿಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. “ಅಯ್ಯೋ ದೇವ್ರೇ, ಪೆಂಗ್ವಿನ್ ಕಣೇ ಅದು,” ಎಂದು ಪಿಸುಗುಟ್ಟಿದ.

“ಕೂಗಿ ಬಾವ. ನನ್ನ ಉಸಿರು ಸಾಲಲ್ಲ.”

“ನಾನಾ?”

“ಹಾಡೋಕೆ ಹೇಳಿದ್ನಾ? ಕತ್ತೆ ಥರ ಅರಚೋಕೆ. ನಿಮಗೇನ್ ಕಷ್ಟ?”

ಅಬ್ರಾಮ್ ಕೂಗಿದ. ಭಾನುವಾರ ಚರ್ಚಿನಲ್ಲಿ ಹಿಂದಿನ ಬೆಂಚಿನಿಂದ ಕಿಟಕಿ ಗಾಜು ನಡುಗಿಸುತ್ತಿದ್ದ ಗಂಟಲು ಅದು. ಇಬ್ಬರೂ ಸೇರಿ ಕೂಗಿದರು, ಒಬ್ಬರ ಉಸಿರು ಮುಗಿದಲ್ಲಿ ಇನ್ನೊಬ್ಬರು ಎತ್ತಿಕೊಂಡರು. ಹಕ್ಕಿ ಕಣ್ಮರೆಯಾಯಿತು. ಮರುಗಳಿಗೆ ಅಲೆಯೊಂದು ಬಂಡೆಗೆ ಬಂದು ಅಪ್ಪಳಿಸಿತು, ನೊರೆ ಇಳಿಯಿತು, ಅಲ್ಲಿ ಎರಡು ಕಾಲಿನ ಮೇಲೆ ಪೆಂಗ್ವಿನ್ ನಿಂತಿತ್ತು, ಆಗಷ್ಟೇ ಬಸ್ಸಿನಿಂದ ಇಳಿದ ನೆಂಟರ ಹಾಗೆ.

ಅದು ಮೈ ಕೊಡವಿತು. ಬಾಲದ ಬುಡದಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಎದೆಗೆ ಸವರಿಕೊಂಡಿತು. ಕಣ್ಣಿನ ಮೇಲಿನ ಬೋಳು ಚರ್ಮ ತಿಳಿ ಗುಲಾಬಿಯಾಗಿತ್ತು. ಆಮೇಲೆ ಹೆಜ್ಜೆಹೆಜ್ಜೆಗೂ ತೂಗುತ್ತ ಮೊದಲ ಸಿಮೆಂಟ್ ಹಕ್ಕಿಯ ಎದುರು ಬಂದು, ಅದರ ಎದೆಯ ಚುಕ್ಕೆಗಳನ್ನು ಒಂದು ಕಣ್ಣಿನಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿತು. ಎರಡು ಹಕ್ಕಿಗಳ ಚುಕ್ಕೆ ಎಂದೂ ಒಂದೇ ಥರ ಇರುವುದಿಲ್ಲ, ಅವು ಒಂದನ್ನೊಂದು ಗುರುತಿಸುವುದೇ ಅದರಿಂದ ಎಂದು ನೊಕ್ವಾಂಡಾ ಹೇಳಿದ್ದಳು. ನಲವತ್ತು ಎದೆಗೂ ಬೇರೆಬೇರೆ ಚುಕ್ಕೆ ಇಡಲು ಗ್ರೀತಾ ಒಂದು ಇಡೀ ತಿಂಗಳು ಕುಂಚ ಹಿಡಿದಿದ್ದಳು. ಹಕ್ಕಿ ತಲೆ ಬಗ್ಗಿಸಿ ನಮಸ್ಕಾರ ಮಾಡಿತು. ಉತ್ತರ ಬರಲಿಲ್ಲ. ಪಕ್ಕದ್ದರ ಬಳಿ ಹೋಗಿ ಮತ್ತೆ ಬಗ್ಗಿತು.

“ಮನೆಮನೆಗೂ ಹೋಗಿ ವಿಚಾರಿಸ್ತಾ ಇದೆ,” ಅಂದ ಅಬ್ರಾಮ್. “ಯಾರೂ ಮಾತಾಡ್ಸಲ್ವಲ್ಲ, ಪಾಪ.”

ಸಂಜೆಗೆ ಮುಂಚೆ ಅದು ಐದನೆಯ ಸಾಲಿನ ಸಿಮೆಂಟ್ ಹಕ್ಕಿಯೊಂದರ ಕಾಲ ಬಳಿ ಕಡ್ಡಿಯೊಂದನ್ನು ತಂದಿಟ್ಟಿತ್ತು. ಗ್ರೀತಾ ಫೋನ್ ಮಾಡಿದಾಗ ಮುನ್ನೂರು ಮೈಲಿ ಆಚೆಯಿದ್ದ ನೊಕ್ವಾಂಡಾ ಮೊದಲು ಕೇಳಿದ್ದು ಒಂದೇ.

“ಆಂಟಿ, ಕೊಕ್ಕು ದಪ್ಪ ಇದ್ಯಾ?”

“ದಪ್ಪ.”

“ಹಾಗಾದ್ರೆ ಗಂಡು. ಜಾಗ ಹಿಡಿಯೋಕೆ ಬಂದಿದ್ದಾನೆ. ನಾನೀಗಲೇ ಹೊರಡ್ತೀನಿ. ಯಾರನ್ನೂ ಹತ್ತಿರ ಬಿಡಬೇಡಿ.” ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗ್ರೀತಾಳಿಗೆ ತಿಳಿಯಲಿಲ್ಲ.

ಗಂಡು, ಬಂಡೆಗಳ ಸುತ್ತ ಕಟ್ಟಿದ್ದ ಬೇಲಿಯ ಒಳಗಿನ ಪೊದೆಯೊಂದರಡಿ ಗೂಡು ತೋಡಿತು. ಎದೆಯನ್ನು ಮಣ್ಣಿಗೊತ್ತಿ ಮಲಗಿ, ಕಾಲಿನಿಂದ ಹಿಂದಕ್ಕೆ ಮಣ್ಣು ಚಿಮ್ಮಿಸಿತು. ಆಮೇಲೆ ಬಾಗಿಲಲ್ಲಿ ನಿಂತು ರೆಕ್ಕೆ ಅಗಲಿಸಿ, ಕೊಕ್ಕನ್ನು ಆಕಾಶಕ್ಕೆತ್ತಿ ಕೂಗಿತು. ಹನ್ನೊಂದನೆಯ ದಿನ ಕಡಲಿನಿಂದ ಇನ್ನೊಂದು ಹಕ್ಕಿ ಎದ್ದು ಬಂತು, ತುಸು ಚಿಕ್ಕದು, ಕೊಕ್ಕು ತೆಳ್ಳಗೆ. ಸಿಮೆಂಟಿನ ಕೇರಿಯನ್ನು ಕಣ್ಣೆತ್ತಿಯೂ ನೋಡದೆ ನೇರ ಕೂಗಿನತ್ತ ನಡೆಯಿತು. ಎರಡೂ ಎದುರುಬದುರು ನಿಂತು ತಲೆ ಬಗ್ಗಿಸಿದವು, ಕೊಕ್ಕಿಗೆ ಕೊಕ್ಕು ತಟ್ಟಿದವು, ಆಮೇಲೆ ಜೊತೆಯಾಗಿ ಅರಚಿದ್ದು ಊರಿಗೆಲ್ಲ ಕೇಳಿಸಿತು. ಅಂಗಡಿಯಲ್ಲಿ ಬ್ರೆಡ್ ಕೊಳ್ಳುತ್ತಿದ್ದವರು ಬ್ರೆಡ್ ಬಿಟ್ಟು ಬೇಲಿಯ ಕಡೆ ಓಡಿ ಬಂದರು.

ಏಪ್ರಿಲ್‌ನಲ್ಲಿ ಎರಡು ಮೊಟ್ಟೆ. ಮೂರು ದಿನದ ಅಂತರದಲ್ಲಿ. ಗಂಡಹೆಂಡತಿ ಸರದಿಯ ಮೇಲೆ ಕಾವು ಕೊಟ್ಟರು. ಒಬ್ಬರು ಕೂತರೆ ಇನ್ನೊಬ್ಬರು ಕಡಲಿಗೆ, ಒಂದು ದಿನ, ಎರಡು ದಿನ. ಅದಲುಬದಲಾಗುವಾಗ ದೊಡ್ಡ ಉಪಚಾರ. ಗ್ರೀತಾ ಮೂವತ್ತು ಹೆಜ್ಜೆ ದೂರದಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂತು, ಒಣಮೀನು ಜಗಿಯುತ್ತ, ಬಂದುಹೋದ ಹೊತ್ತನ್ನೆಲ್ಲ ಬರೆದಿಟ್ಟಳು. ಅಬ್ರಾಮ್‌ಗೆ ಈಗ ದೋಣಿಗಿಂತ ಬೇಲಿಯ ಹತ್ತಿರವೇ ಕೆಲಸ ಜಾಸ್ತಿ.

ಕಾವಿನ ಮೂವತ್ತಾರನೆಯ ದಿನ ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸಿತು. ಈ ಕರಾವಳಿಗೆ ಮೇ ತಿಂಗಳೆಂದರೆ ಚಳಿಗಾಲದ ಬಾಗಿಲು, ಆ ಬಾಗಿಲಲ್ಲಿ ಅಂಥದೊಂದು ದಿನ ಬಂದೇ ಬರುತ್ತದೆ. ಒಲೆಯ ಬಾಯಿ ತೆರೆದಂತೆ. ಹತ್ತು ಗಂಟೆಗೆಲ್ಲ ಬಂಡೆ ಮುಟ್ಟಲಾಗುತ್ತಿರಲಿಲ್ಲ. ತಣ್ಣೀರಿಗೆಂದೇ ಹೊದ್ದ ದಪ್ಪ ಗರಿಯ ಕೋಟು ತಾಯಿಹಕ್ಕಿಗೆ ಈಗ ಶಿಕ್ಷೆಯಾಯಿತು. ಅದು ಬಾಯಿ ತೆರೆದು ಏದುಸಿರು ಬಿಡತೊಡಗಿತು. ಕಣ್ಣಿನ ಮೇಲಿನ ಗುಲಾಬಿ ಚರ್ಮ ನೆತ್ತರಿನಷ್ಟು ಕೆಂಪಾಯಿತು. ಅದು ಎದ್ದು ನಿಂತಿತು, ಕಡಲಿನತ್ತ ನೋಡಿತು, ಮತ್ತೆ ಕೂತಿತು. ಹತ್ತು ಅಡಿ ಆಚೆ ದೊಡ್ಡ ಕಡಲಹಕ್ಕಿಯೊಂದು ಹಳದಿ ಕೊಕ್ಕು ಚಾಚಿಕೊಂಡು ಕಾಯುತ್ತಿತ್ತು. ಪೆಂಗ್ವಿನ್ ನೀರಿಗಿಳಿದರೆ ಮೊಟ್ಟೆಗಳಿಗೆ ಅರ್ಧ ನಿಮಿಷದ ಆಯುಸ್ಸು.

ಬಂದು ನೋಡಿ ವಾಪಸು ಹೋಗಿದ್ದ ನೊಕ್ವಾಂಡಾಳಿಗೆ ಗ್ರೀತಾ ಫೋನ್ ಮಾಡಿದಳು. “ನೊಕ್ವಾಂಡಾ, ಇದು ಎದ್ದುಬಿಡತ್ತೆ. ಹತ್ತಿರ ಹೋಗ್ಬೇಡ ಅಂದಿದ್ದೀಯ. ಏನ್ಮಾಡ್ಲಿ?”

“ನಿಮಗೇನನ್ಸತ್ತೆ?”

“ನೆರಳು ಕೊಡಬೇಕು. ನಿಂತ್ಕೊಂಡು ಹೋದ್ರೆ ಹೆದರತ್ತೆ. ತೆವಳಿಕೊಂಡು ಹೋಗ್ತೀನಿ.”

“ಹೋಗಿ ಆಂಟಿ. ಬೇಗ ಹೋಗಿ.”

ಐವತ್ತೆಂಟು ವರ್ಷದ ಗ್ರೀತಾ ನೀರಲ್ಲಿ ಅದ್ದಿದ ಗೋಣಿಯೊಂದನ್ನು ಬೆನ್ನಿಗೆ ಹೊದ್ದು ಮಣ್ಣಿನ ಮೇಲೆ ಹೊಟ್ಟೆಯೂರಿ ತೆವಳಿದಳು. ಅಬ್ರಾಮ್ ಆಚೆ ಬದಿಯಲ್ಲಿ ಟೋಪಿ ಬೀಸುತ್ತ ಕಳ್ಳಹಕ್ಕಿಯನ್ನು ಹಿಂದಕ್ಕೆ ಅಟ್ಟುತ್ತಿದ್ದ. ಮೂವತ್ತು ಹೆಜ್ಜೆ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಮುಳ್ಳು ಮೊಣಕೈ ಗೀಚಿತು, ಗೂಡಿನ ನಾತ ಮೂಗಿಗೆ ಹೊಡೆಯಿತು, ಹಳೆಯ ದ್ವೀಪದ ಅದೇ ನಾತ. ಒಂದು ಕೈಯಳತೆಯಲ್ಲಿ ಪೆಂಗ್ವಿನ್ ತಲೆಯನ್ನು ಅತ್ತಿತ್ತ ಹೊರಳಿಸುತ್ತ ಅವಳನ್ನು ದುರುಗುಟ್ಟಿ ನೋಡಿತು. ಅವಳು ಗೋಣಿಯನ್ನು ಮೆಲ್ಲಗೆ ಕೊಂಬೆಗಳ ಮೇಲೆ ಎಳೆದಳು. ಹಕ್ಕಿ ಫಕ್ಕನೆ ಬಂದು ಅವಳ ಹೆಬ್ಬೆರಳು ಕಚ್ಚಿತು. ಸಾರ್ಡೀನ್ ಹಿಡಿಯಲು ಮಾಡಿದ ಕೊಕ್ಕು ಅದು, ಕತ್ತರಿಯಂತೆ ಕೂತಿತು. ಗ್ರೀತಾ ಹಲ್ಲು ಕಚ್ಚಿ ಕೂಗು ನುಂಗಿಕೊಂಡಳು, ಕೈ ಎಳೆದುಕೊಳ್ಳಲಿಲ್ಲ.

“ಕಚ್ಚು ತಾಯಿ, ಕಚ್ಚು,” ಎಂದು ಉಸಿರಲ್ಲೇ ಅಂದಳು. “ನಿಮ್ಮವರ ಮೊಟ್ಟೆ ನಾನು ತುಂಬಾ ತಿಂದಿದ್ದೀನಿ. ಆದ್ರೆ ಎದ್ದು ಮಾತ್ರ ಹೋಗ್ಬೇಡ.”

ಹಕ್ಕಿ ಬೆರಳು ಬಿಟ್ಟಿತು. ನೆರಳು ಅದರ ಮೇಲೆ ಬಿದ್ದಿತ್ತು. ಅದು ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಸರಿಸಿಕೊಂಡು ಕೂತಿತು. ಗ್ರೀತಾ ಅಲ್ಲೇ ಅಂಗಾತ ಬಿದ್ದುಕೊಂಡಳು, ಹಿಂದಕ್ಕೆ ತೆವಳಲು ಶಕ್ತಿಯಿರಲಿಲ್ಲ. ಬಿಸಿಗಾಳಿ ತಿರುಗಿ ಕಡಲಗಾಳಿ ಬೀಸಿದ್ದು ಮೂರು ಗಂಟೆಗೆ. ಅಷ್ಟು ಹೊತ್ತೂ ಅಬ್ರಾಮ್ ಪೊದೆಯ ಹಿಂಬದಿಯಲ್ಲಿ ಕುಕ್ಕರಿಸಿ, ಸೌತೆಬಳ್ಳಿಗೆ ನೀರು ಹಾಕುವ ಡಬ್ಬಿಯಿಂದ ಗೋಣಿಯ ಮೇಲೆ ನೀರು ಚಿಮುಕಿಸುತ್ತ ಇದ್ದ.

“ಬದುಕಿದ್ದೀಯೇನೇ?”

“ನೀರು ಗೋಣಿಗೆ ಹಾಕಿ ಬಾವ, ನನ್ನ ಮುಖಕ್ಕಲ್ಲ.”

ಮೂರು ದಿನದ ಮೇಲೆ ಒಂದು ಮೊಟ್ಟೆಯೊಳಗಿನಿಂದ ಚಿಂವ್ ಎಂಬ ಸದ್ದು ಬಂತು. ಇನ್ನೊಂದು ಮೊಟ್ಟೆ ಮೌನವಾಗಿಯೇ ಉಳಿಯಿತು. ಮರುದಿನ ತಾಯಿ ಮೈ ಎತ್ತಿದಾಗ ಚಿಪ್ಪಿನ ಚೂರುಗಳ ನಡುವೆ ಬೂದುಬಣ್ಣದ ಒದ್ದೆ ಉಣ್ಣೆಯುಂಡೆಯೊಂದು ತಲೆ ಎತ್ತಲಾರದೆ ತೂಗಾಡುತ್ತಿತ್ತು. ಸುದ್ದಿ ಕೇಳಿ ರಾತ್ರಿಯೇ ಬಂದು ದುರ್ಬೀನು ಹಿಡಿದಿದ್ದ ನೊಕ್ವಾಂಡಾ ಗ್ರೀತಾಳ ಭುಜ ಗಟ್ಟಿಯಾಗಿ ಹಿಡಿದಳು. ಬೇಲಿಯ ಹೊರಗೆ ಊರಿಗೆ ಊರೇ ನಿಂತಿತ್ತು. ಚಪ್ಪಾಳೆ ತಟ್ಟಬೇಡಿ ಎಂದು ಅಬ್ರಾಮ್ ಎಲ್ಲರ ಕೈ ಹಿಡಿದು ಹಿಡಿದು ಇಳಿಸುತ್ತಿದ್ದ.

ಮರಿ ಬೆಳೆದ ಬಗೆಯನ್ನು ಗ್ರೀತಾ ಯಾರು ಕೇಳಿದರೂ ಒಂದು ಗಂಟೆ ಹೇಳುತ್ತಿದ್ದಳು. ಅಪ್ಪ ಅಮ್ಮನ ಗಂಟಲೊಳಗೆ ತಲೆ ತೂರಿಸಿ ಅರೆದ ಮೀನು ತಿನ್ನುತ್ತಿದ್ದದ್ದು, ತಿಂದು ತಿಂದು ಹೊಟ್ಟೆ ಭಾರಕ್ಕೆ ಮುಗ್ಗರಿಸುತ್ತಿದ್ದದ್ದು, ತುಪ್ಪಳ ಉದುರಿ ನೀಲಿಬೂದು ಗರಿ ಮೂಡಿದ್ದು. ಆಗಸ್ಟ್‌ನ ಒಂದು ಬೆಳಿಗ್ಗೆ ಅದು ಯಾರನ್ನೂ ಕೇಳದೆ ಬಂಡೆಯ ಅಂಚಿಗೆ ನಡೆಯಿತು. ತಂದೆತಾಯಿ ಜೊತೆಗಿರಲಿಲ್ಲ. ಪೆಂಗ್ವಿನ್ ಮರಿಗೆ ಈಜು ಕಲಿಸುವವರು ಯಾರೂ ಇಲ್ಲ.

ನೀರು ಬಂತು, ಮರಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮೂರನೆಯ ಅಲೆ ಕೇಳಲಿಲ್ಲ, ಎತ್ತಿಕೊಂಡೇ ಹೋಯಿತು. ನೊರೆಯಲ್ಲಿ ಒಂದು ಸಲ ಪಲ್ಟಿ ಹೊಡೆದದ್ದು ಕಂಡಿತು, ಆಮೇಲೆ ಏನೂ ಇಲ್ಲ.

“ಎಲ್ಲಿ? ಎಲ್ಲಿ ಹೋಯ್ತೇ?” ಅಬ್ರಾಮ್ ಬಂಡೆಯ ಅಂಚಿನಿಂದ ಬಗ್ಗಿ ನೋಡಿದ.

ಆಗ ನೊರೆಯ ಆಚೆ, ತಿಳಿಹಸಿರು ನೀರಿನೊಳಗೆ, ಬಾಣದಂತೆ ಒಂದು ನೆರಳು ಹಾಯಿತು. ನೆಲದ ಮೇಲೆ ಎಡವಿ ಎಡವಿ ನಡೆಯುತ್ತಿದ್ದ ಆ ಉಣ್ಣೆಯುಂಡೆಯೇ ಇದು ಎಂದರೆ ನಂಬುವಂತಿರಲಿಲ್ಲ. ರೆಕ್ಕೆ ಬೀಸಿ ಅದು ನೀರಲ್ಲಿ ಹಾರುತ್ತಿತ್ತು. ಮೇಲೆ ಬಂದು ಉಸಿರೆಳೆಯಿತು, ಮತ್ತೆ ಮುಳುಗಿತು, ಎಲ್ಲೋ ದೂರದಲ್ಲಿ ಎದ್ದಿತು.

“ಅಗೋ ಅಲ್ಲಿ ಬಾವ, ಕಪ್ಪು ಬಂಡೆ ಹತ್ರ!”

“ಅಲ್ಲ ಕಣೇ, ಆಗಲೇ ಮುಂದೆ ಹೋಯ್ತು. ಬಾ, ಬಾ.”

ಗ್ರೀತಾ ಲಂಗ ಎತ್ತಿ ಕಟ್ಟಿಕೊಂಡಳು. ಅಬ್ರಾಮ್ ಟೋಪಿ ಕೈಯಲ್ಲಿ ಹಿಡಿದ. ಇಬ್ಬರೂ ಬಂಡೆಯಿಂದ ಬಂಡೆಗೆ ಜಿಗಿಯುತ್ತ, ಜಾರುತ್ತ, ಒಬ್ಬರನ್ನೊಬ್ಬರು ಬಯ್ಯುತ್ತ, ಕೊಲ್ಲಿಯ ತುದಿಯವರೆಗೂ ಆ ಪುಟ್ಟ ಕಪ್ಪು ತಲೆಯ ಜೊತೆಗೆ ಓಡಿದರು.