ಬಿರಡೆಯಿಲ್ಲದ ಸೀಸೆ

ಈ ಕಥೆಯನ್ನು ನಾನು ಹೇಳಬಹುದೋ ಇಲ್ಲವೋ ಎಂಬ ಅಳುಕಿನಿಂದಲೇ ಹೇಳುತ್ತಿದ್ದೇನೆ. ರಸಾಯನಶಾಸ್ತ್ರದಲ್ಲಿ ನನಗಿರುವುದು ಸಂಜೆ ತರಗತಿಯ ಅರೆಬರೆ ತಿಳುವಳಿಕೆ. ಜಸೀನಾಳ ಮನಸ್ಸಿನ ಬಗ್ಗೆ ಅಷ್ಟೂ ಇಲ್ಲ. ತಪ್ಪಿದ್ದರೆ ಓದುವವರು ಕ್ಷಮಿಸಬೇಕು.

ಬಿರಡೆ ಅಲುಗಲಿಲ್ಲ. ಜಸೀನಾ ಸೀಸೆಯ ಕತ್ತಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಮತ್ತೊಮ್ಮೆ ತಿರುಚಿದಳು. ಪುತ್ತೂರಿನ ಅತ್ತರ್ ಅಂಗಡಿಯ ಕಾಸಿಂ ಕಾಕ ಆಗಲೇ ಬಂದು ಜಗಲಿಯಲ್ಲಿ ಕುಳಿತಿದ್ದರು. ಕುಂಬ್ರದ ಆ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅವಳು ಬಟ್ಟಿಯಿಳಿಸಿದ ಲಾವಂಚದ ಎಣ್ಣೆಯನ್ನು ಮೂಸಿ ನೋಡಲು ಮಾವ ಇಬ್ರಾಹಿಂ ಅವರೇ ಅವರನ್ನು ಕರೆಸಿದ್ದರು.

ಎಣ್ಣೆ ಕಾಕನಿಗೆ ಒಪ್ಪಿಗೆಯಾದರೆ ಅವಳು ಇಲ್ಲೇ ಇದ್ದು ಆ ಕೆಲಸ ಮಾಡಿಕೊಂಡಿರಲಿ, ಮಗನಿಗೆ ತಾನು ಹೇಳುತ್ತೇನೆ ಎಂದಿದ್ದರು ಮಾವ. ಒಪ್ಪಿಗೆಯಾಗದಿದ್ದರೆ ಸೌದಿಯ ದಮಾಮಿಗೆ. ಗಂಡ ಮಶೂದ್ ವೀಸಾ ಮಾಡಿಸಿಟ್ಟು ಕಾಯುತ್ತಿದ್ದ. ಅವನು ಕೆಟ್ಟವನಲ್ಲ. ಆದರೆ ಮದುವೆಯ ಹೊಸತರಲ್ಲಿ ಅವಳು ಅಲ್ಲಿ ಒಂದು ವರ್ಷ ಕಳೆದಿದ್ದಳು. ಹೊಸ ಊರು, ಹೆದರಿಕೆ ಎಂದು ಅವನು ಬೆಳಿಗ್ಗೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದ. ಇದ್ದ ಒಂದು ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಗುತ್ತಿತ್ತು.

ಅವಳ ಬಟ್ಟಿಯ ಗಾಜಿನ ಸಾಮಾನೆಲ್ಲ ಸುಳ್ಯದ ಕಡೆ ಮುಚ್ಚಿಹೋದ ಒಂದು ಕಾಲೇಜಿನ ಪ್ರಯೋಗಾಲಯದ್ದು. ಗುಜರಿಯವನು ಸೀಸೆಗಳನ್ನು ಗೋಣಿಯಲ್ಲೂ ಬಿರಡೆಗಳನ್ನು ಬಕೆಟಿನಲ್ಲೂ ತಂದು ಸುರಿದಿದ್ದ. ಹಳೆಯ ಕಾಲದ ಸಾಮಾನು. ಒಂದೊಂದು ಬಿರಡೆಯನ್ನೂ ಅದರದೇ ಸೀಸೆಯ ಕತ್ತಿಗೆ ಉಜ್ಜಿ ಕೂರಿಸಿದ್ದು. ಬೇರೆಯದಕ್ಕೆ ಹಾಕಿದರೆ ಒಂದೋ ಅಲ್ಲಾಡುತ್ತದೆ, ಇಲ್ಲ ಸಿಕ್ಕಿಬೀಳುತ್ತದೆ. ಕೆತ್ತಿದ ಅಂಕಿಗಳು ಸವೆದಿದ್ದವು. ಜಸೀನಾ ಒಂದೊಂದನ್ನೇ ಇಟ್ಟು, ತಿರುಗಿಸಿ, ಗಾಜು ಗಾಜಿಗೆ ಉಜ್ಜುವ ಶಬ್ದ ಕೇಳಿ ಜೋಡಿ ಹುಡುಕಿದ್ದಳು. ಎಣ್ಣೆ ತುಂಬಲು ಹೇಳಿ ಮಾಡಿಸಿದಂತಿದ್ದ ಒಂದು ಪುಟ್ಟ ಸೀಸೆಗೆ ಮಾತ್ರ ಬಿರಡೆ ಸಿಗಲಿಲ್ಲ.

ಈ ಕಡೆ ಕೊಡ ಸೋರಿದರೂ ಚಪ್ಪಲಿ ಬಿಟ್ಟುಕೊಂಡರೂ ಮೊದಲು ನೆನಪಾಗುವುದು ರಬ್ಬರ್ ಹಾಲು. ಅವಳೂ ಪಕ್ಕದ ದೇರಣ್ಣ ಗೌಡರ ತೋಟದಿಂದ ಒಂದು ಗೆರಟೆ ಹಾಲು ತಂದು, ಸೀಸೆಯ ಕತ್ತಿನಲ್ಲೇ ಎರಡು ತೊಟ್ಟು ಆಸಿಡ್ ಬಿಟ್ಟು ಹೆಪ್ಪುಗಟ್ಟಿಸಿ, ಒಣಗಿಸಿ ಬಿರಡೆ ಮಾಡಿದಳು. ಗಾಜಿನ ಬಿರಡೆಗಳಿಗಿಂತಲೂ ಚೆನ್ನಾಗಿ ಕೂತಿತು. ಇಂಥ ಎಣ್ಣೆ ರಬ್ಬರನ್ನು ಕರಗಿಸುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದಳು. ಆ ದಿನ ಅದು ನೆನಪಾಗಲಿಲ್ಲ. ಈಗ ಬಿರಡೆ ಎಣ್ಣೆ ಕುಡಿದು ಉಬ್ಬಿಕೊಂಡಿತ್ತು.

"ಎಂತ ಮಾರಾಯ್ತಿ, ಕಾಕನದ್ದು ಎರಡನೇ ಚಾ ಆಯ್ತು," ಎನ್ನುತ್ತ ಅತ್ತೆ ಝುಬೈದಾ ಬಂದರು. "ತೆಗೆಯಲಿಕ್ಕೆ ಆಗುದಿಲ್ವಾ? ಒಳಗೆ ಜಿನ್ನು ಉಂಟಾ ಎಂತ?"

"ಹಿಡ್ಕೊಂಡಿದೆ ಮಾಮಿ."

"ನಾನು ಆಗಲೇ ಹೇಳಿದ್ದೆ. ನಮ್ಮ ಮನೆಯಲ್ಲಿ ಸಾರಾಯಿ ಕಾಯಿಸ್ತಾರೆ ಅಂತ ಆಚೆಮನೆಯವರು ನಗಾಡುದು ಬೇರೆ."

ಕೊನೆಗೆ ಸೀಸೆ ಹಾಗೆಯೇ ಜಗಲಿಗೆ ಹೋಯಿತು. ಕಾಸಿಂ ಕಾಕ ಕಿಸೆಯಿಂದ ಪುಟ್ಟ ಚೂರಿ ತೆಗೆದರು. "ಇಲ್ಲಿ ಕೊಡು ಮಗಳೇ. ನನ್ನವಳು ಮುಚ್ಚಿದ ಉಪ್ಪಿನಕಾಯಿ ಭರಣಿ ತೆಗೆದು ತೆಗೆದು ನನಗೆ ಅಭ್ಯಾಸ ಉಂಟು." ಬಿರಡೆಯನ್ನು ಚೂರುಚೂರಾಗಿ ಕೊರೆದು ಹೊರತೆಗೆದರು. ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಎಡಗೈಯ ಮಣಿಕಟ್ಟಿಗೆ ಸವರಿ ಮೂಸಿ ಕಣ್ಣು ಮುಚ್ಚಿದರು.

"ಸಾಚಾ ಉಂಟು ಇಬ್ರಾಯಿ," ಎಂದರು. "ನಮ್ಮ ಅಂಗಡಿಗೆ ಬರುದರಲ್ಲಿ ಅರ್ಧಕ್ಕರ್ಧ ಬೇರೆ ಎಂತದೋ. ಇದನ್ನು ನಾನು ಇವತ್ತೇ ತಕ್ಕೊಂಡು ಹೋಗ್ತೇನೆ."

ಇಬ್ರಾಹಿಂ ಮೀಸೆಯಿಲ್ಲದ ತುಟಿಯನ್ನು ಸವರಿಕೊಂಡು ನಕ್ಕರು. "ಹಾಗಾದ್ರೆ ಮಶೂದನಿಗೆ ಫೋನ್ ಮಾಡುದು ನನ್ನ ಕೆಲಸ."

ಕಾಕ ಕೊಡೆ ಹಿಡಿದು ಎದ್ದರು. ಜಸೀನಾ ಬಾಗಿಲ ಬಳಿಯೇ ನಿಂತಿದ್ದಳು. ಬೆಳಿಗ್ಗೆ ಬಿರಡೆಯ ಸುತ್ತ ಜಿನುಗಿದ್ದ ಹನಿಯನ್ನು ಅವಳು ತನ್ನ ಕೈಗೆ ಸವರಿ ನೋಡಿದ್ದಳು. ಮೊದಲು ಬರುವುದು ಲಾವಂಚವೇ. ಎಣ್ಣೆ ಮೈಬಿಸಿಗೆ ಕಾದ ಮೇಲೆ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿತ್ತು. ಕಾಕ ಹೋಗಿ ಬಸ್ಸು ಹತ್ತಲಿ ಎಂದುಕೊಂಡಳು. ಮತ್ತೆ ಅಂಗಡಿಯಲ್ಲಿ ಅದನ್ನು ಕೊಳ್ಳುವವರ ನೆನಪಾಯಿತು.

"ಕಾಕ, ಕೂತ್ಕೊಳ್ಳಿ. ಪತ್ತಿರ್ ತಿಂದು ಹೋದರಾಯ್ತು."

ಝುಬೈದಾ ತಿರುಗಿ ನೋಡಿದರು. "ಪತ್ತಿರ್ ಎಲ್ಲಿ ಉಂಟು? ಹಿಟ್ಟೇ ಕಲಸಲಿಲ್ಲ."

"ಈಗ ಮಾಡ್ತೇನೆ ಮಾಮಿ."

ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತಟ್ಟಿ, ಕಾವಲಿಗೆ ಹಾಕಿದಳು. ಅವಸರ ಮಾಡಲಿಲ್ಲ. ಕಾಕ ಎರಡನೆಯ ಪತ್ತಿರನ್ನು ಮುರಿಯುತ್ತಿದ್ದಾಗ ಎಡಗೈಯನ್ನು ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು.

"ಇದೆಂತ ಇದು? ಸೈಕಲ್ ಟ್ಯೂಬಿನ ಹಾಗೆ."

ಇಬ್ರಾಹಿಂ ಸೊಸೆಯ ಕಡೆ ನೋಡಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾಮ."

"ಮತ್ತೆ ಎಂತಕ್ಕೆ ಅವರನ್ನು ಕೂರಿಸಿದ್ದು?"

ಅವಳು ಖಾಲಿ ತಟ್ಟೆ ಎತ್ತಿಕೊಂಡಳು. ಕಾಕನೇ ಸಮಾಧಾನದ ಮಾತಾಡಿದರು. "ಬರುವ ವರ್ಷ ಬೇರು ತೆಗೆದಾಗ ಇನ್ನೊಮ್ಮೆ ಮಾಡಲಿ. ಕೈ ಒಳ್ಳೆದುಂಟು."

"ಬರುವ ವರ್ಷ ಅವಳು ಇಲ್ಲಿ ಇರುದಿಲ್ಲ," ಎಂದರು ಇಬ್ರಾಹಿಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಸಂಜೆ ಕೊಟ್ಟಿಗೆಯಲ್ಲಿ ಸಾಮಾನು ಕಟ್ಟಲು ಝುಬೈದಾ ತಾವಾಗಿಯೇ ಬಂದರು. ಜಸೀನಾ ಹಳೆಯ ಪೇಪರನ್ನು ಸಣ್ಣ ಪಟ್ಟಿಗಳಾಗಿ ಹರಿದು, ಒಂದೊಂದು ಸೀಸೆಯ ಕತ್ತಿಗೂ ಅದರ ಬಿರಡೆಗೂ ನಡುವೆ ಇಡುತ್ತಿದ್ದಳು. ಹಾಗೆ ಇಡದಿದ್ದರೆ ಗಾಜು ಗಾಜನ್ನು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ.

"ಅಟ್ಟಕ್ಕೆ ಹೋಗುವ ಸಾಮಾನಿಗೆ ಇಷ್ಟೆಲ್ಲ ಎಂತಕ್ಕೆ?" ಎಂದರು ಝುಬೈದಾ. ಸ್ವಲ್ಪ ಹೊತ್ತು ನೋಡಿ, ತಾವೂ ಕೂತು ಪೇಪರ್ ಹರಿಯತೊಡಗಿದರು.

ಮತ್ತೆ ತೆರೆಯುವ ಆಸೆಯಿಂದ ಜಸೀನಾ ಹಾಗೆ ಮಾಡಿದಳೋ, ಬರೀ ಅಭ್ಯಾಸದಿಂದಲೋ, ನನಗೆ ಗೊತ್ತಿಲ್ಲ.